ಸೌಂಡ್ ಕಾರ್ಡನ್ನೇ ಮೋಡೆಮ್ ಮಾಡಿಕೊಳ್ಳುವುದು: ಡೈರ್‌ವುಲ್ಫ್ ಕಂಪೈಲ್ ಮಾಡುವ ಸಮಗ್ರ ಮಾರ್ಗದರ್ಶಿ

ಅಕ್ಷರಗಳನ್ನು ಸಣ್ಣ ಕಂತೆಗಳಾಗಿ ರೇಡಿಯೊದಲ್ಲಿ ಕಳುಹಿಸುವ ಪ್ಯಾಕೆಟ್ ರೇಡಿಯೊದ ಸದ್ದನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ. ಸುಮ್ಮನಿದ್ದ ಚಾನೆಲ್‌ನಲ್ಲಿ ಅರ್ಧ ಸೆಕೆಂಡು ಒಣಗಿದ ತೆಂಗಿನ ಗರಿ ಎಳೆದಂತೆ ಒಂದು ಗರಗರ, ಆಮೇಲೆ ಮತ್ತೆ ಮೌನ. ಆ ಗರಗರದೊಳಗೆ 1200 ಹರ್ಟ್ಸ್‌ನ ಒಂದು ಸ್ವರ, 2200 ಹರ್ಟ್ಸ್‌ನ ಇನ್ನೊಂದು ಸ್ವರ. ಸೆಕೆಂಡಿಗೆ 1200 ಬಿಟ್‌ಗಳ ವೇಗದಲ್ಲಿ ಇವೆರಡರ ನಡುವೆ ಜಿಗಿಯುತ್ತಾ ಯಾರದೋ ಕಾಲ್‌ಸೈನ್ (ರೇಡಿಯೊ ಗುರುತಿನ ಹೆಸರು), ಯಾರದೋ ಊರಿನ ಅಕ್ಷಾಂಶ ರೇಖಾಂಶ, ಒಂದು ಸಾಲು ಸಂದೇಶ ಹಾದುಹೋಗಿರುತ್ತದೆ. ಅದನ್ನು ಬಿಡಿಸಿ ಅಕ್ಷರ ಮಾಡಲು 1980ರ ದಶಕದ ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೊದವರು, ಟಿಎನ್‌ಸಿ ಎಂಬ ಮೋಡೆಮ್ ಪೆಟ್ಟಿಗೆಯನ್ನು ರೇಡಿಯೊ ಪಕ್ಕದಲ್ಲಿ ಇಟ್ಟುಕೊಳ್ಳುತ್ತಿದ್ದರು. ಅಮೆರಿಕದ ಟೂಸಾನ್ ನಗರದ ಟ್ಯಾಪರ್ ಬಳಗ ರೂಪಿಸಿದ ಟಿಎನ್‌ಸಿ-2 ಜಗತ್ತಿನಾದ್ಯಂತ ನಕಲಾಯಿತು. ಇವತ್ತು ಅದೇ ಕೆಲಸವನ್ನು ಒಂದು ಯುಎಸ್‌ಬಿ ಸೌಂಡ್ ಕಾರ್ಡ್ ಮತ್ತು ಒಂದು ಉಚಿತ ತಂತ್ರಾಂಶ ಮಾಡಿ ಮುಗಿಸುತ್ತವೆ, ಅದೂ ಹಳೆಯ ಪೆಟ್ಟಿಗೆಗಿಂತ ಚೆನ್ನಾಗಿ.

ಆ ತಂತ್ರಾಂಶ ಡೈರ್‌ವುಲ್ಫ್. ಬರೆದವರು ಜಾನ್ ಲ್ಯಾಂಗ್ನರ್, ಕಾಲ್‌ಸೈನ್ ಡಬ್ಲ್ಯುಬಿ2ಒಎಸ್‌ಝಡ್. ಜಿಪಿಎಲ್ ಪರವಾನಗಿಯಡಿ ಸೋರ್ಸ್ ಕೋಡ್ ಪೂರ್ತಿ ತೆರೆದಿದೆ, ಅದರಿಂದ ಓಡುವ ತಂತ್ರಾಂಶವನ್ನು ನಾವೇ ಕಟ್ಟಿಕೊಳ್ಳುವುದೇ ಕಂಪೈಲ್. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಇಲ್ಲಿ ನಾನು ಹೇಳುವುದು ಡೆಬಿಯನ್ ಕುಟುಂಬದ ಲಿನಕ್ಸ್ ಬಗ್ಗೆ. ಅಂದರೆ ರಾಸ್ಪ್‌ಬೆರಿ ಪೈ, ಉಬುಂಟು, ಮಿಂಟ್ ಎಲ್ಲಕ್ಕೂ ಇದೇ ದಾರಿ.

ಶುರು ಮಾಡುವ ಮುಂಚೆ ಒಂದು ಮಾತು. ಹೊಸಬರು ಕೈಚೆಲ್ಲುವುದು ಕಂಪೈಲ್ ಕಷ್ಟ ಎಂದಲ್ಲ. ಒಂದೇ ಸಂಜೆ ತಂತ್ರಾಂಶ, ಕೇಬಲ್, ಸೌಂಡ್ ಕಾರ್ಡ್, ರೇಡಿಯೊ, ಆಂಟೆನಾ ಐದನ್ನೂ ಜೋಡಿಸಿ ಕುಳಿತಿರುತ್ತಾರೆ, ಪರದೆ ಮೇಲೆ ಏನೂ ಬರುವುದಿಲ್ಲ, ತಪ್ಪು ಐದರಲ್ಲಿ ಯಾವುದರದ್ದು ಎಂದು ತಿಳಿಯುವುದಿಲ್ಲ. ನಾನೂ ಹೀಗೆ ಎರಡು ವಾರಾಂತ್ಯ ಕಳೆದೆ. ತಂತ್ರಾಂಶವೇ ಕೆಟ್ಟಿದೆ ಎಂದುಕೊಂಡು ಮೂರು ಸಲ ಅಳಿಸಿ ಮತ್ತೆ ಕಂಪೈಲ್ ಮಾಡಿದೆ, ಕೊನೆಗೆ ನೋಡಿದರೆ ರೇಡಿಯೊದ ಸ್ಕ್ವೆಲ್ಚ್, ಅಂದರೆ ಸಂಕೇತ ಇಲ್ಲದಾಗ ಸದ್ದು ತಡೆಯುವ ಬಾಗಿಲು, ಮುಚ್ಚಿತ್ತು. ಅದಕ್ಕೇ ಇಲ್ಲಿ ಪ್ರತಿ ಹಂತದ ಕೊನೆಯಲ್ಲೂ ಒಂದು ಪರೀಕ್ಷೆ ಇದೆ. ಅದು ಪಾಸಾಗದೆ ಮುಂದಿನ ಹಂತಕ್ಕೆ ಕಾಲಿಡಬೇಡಿ.

ಆಜ್ಞೆಗಳನ್ನು ಓದುವ ರೀತಿ

ಆಜ್ಞೆಗಳನ್ನು ಎದುರಿಗೆ ಕುಳಿತ ಗೆಳೆಯನಿಗೆ ಬಾಯಲ್ಲಿ ಹೇಳಿ ಟೈಪ್ ಮಾಡಿಸುವಂತೆ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಹೊಡೆಯಿರಿ. ದೊಡ್ಡಕ್ಷರ ಬೇಕಾದ ಕಡೆ ಹಾಗೆಂದೇ ಹೇಳುತ್ತೇನೆ. ಅಡ್ಡಗೆರೆ, ಚುಕ್ಕಿ, ಓರೆಗೆರೆ, ಅಂಕಿಗಳು ಕಂಡಂತೆಯೇ ಇರಲಿ. ಕಾಗುಣಿತದಲ್ಲಿ ಅನುಮಾನ ಬರಬಹುದಾದ ಪದಗಳನ್ನು ಬಿಡಿಸಿ ಹೇಳಿದ್ದೇನೆ.

ಬೇಕಾಗುವ ಸಾಮಗ್ರಿ

ರಾಸ್ಪ್‌ಬೆರಿ ಪೈ 3 ಅಥವಾ ಅದಕ್ಕಿಂತ ಹೊಸದು ಧಾರಾಳ ಸಾಕು. ಹಳೆಯ ಲ್ಯಾಪ್‌ಟಾಪ್ ಇದ್ದರೆ ಇನ್ನೂ ಸುಲಭ. ಪೈನಲ್ಲಿ ಮೈಕ್ ಒಳಗೇರುವ ತೂತು ಇಲ್ಲ, ಹಾಗಾಗಿ ಒಂದು ಯುಎಸ್‌ಬಿ ಸೌಂಡ್ ಕಾರ್ಡ್ ಬೇಕೇ ಬೇಕು. ಸಿ-ಮೀಡಿಯಾ ಕಂಪನಿಯ ಸಿಎಂ108 ಅಥವಾ ಸಿಎಂ119 ಚಿಪ್ ಇರುವುದನ್ನು ಹುಡುಕಿ. ಹ್ಯಾಮ್‌ಗಳಿಗೆಂದೇ ಮಾಡಿದ ಬಹಳಷ್ಟು ಇಂಟರ್‌ಫೇಸ್‌ಗಳ ಒಳಗಿರುವುದೂ ಇದೇ ಚಿಪ್, ಅದರ ಒಂದು ಕಾಲಿನಿಂದ ಪಿಟಿಟಿಯನ್ನೂ, ಅಂದರೆ ರೇಡಿಯೊವನ್ನು ಪ್ರಸಾರಕ್ಕೆ ಹಾಕುವ ಗೆರೆಯನ್ನೂ, ಎಳೆಯಬಹುದು. 2 ಮೀಟರ್ ಬ್ಯಾಂಡಿನ ಎಫ್‌ಎಂ ರೇಡಿಯೊ ಒಂದು, ಅದರ ಸ್ಪೀಕರ್ ಮತ್ತು ಮೈಕ್ ಕಡೆಗೆ ಹೊಂದುವ ಕೇಬಲ್ ಒಂದು. ನಮ್ಮಲ್ಲಿ ಆ ಬ್ಯಾಂಡ್ 144ರಿಂದ 146 ಮೆಗಾಹರ್ಟ್ಸ್.

ಪರವಾನಗಿಯ ವಿಷಯ ಸ್ಪಷ್ಟವಾಗಿರಲಿ. ಪರೀಕ್ಷೆ ಬರೆದು ವಿಯು2 ಅಥವಾ ವಿಯು3 ಕಾಲ್‌ಸೈನ್ ಪಡೆದವರು ಮಾತ್ರ ಪ್ರಸಾರದ ಭಾಗಕ್ಕೆ ಕೈಹಾಕಬೇಕು. ಕಂಪೈಲ್ ಮಾಡುವುದಕ್ಕೆ, ರೇಡಿಯೊ ಇಲ್ಲದೆ ಪರೀಕ್ಷಿಸುವುದಕ್ಕೆ ಯಾರ ಅಪ್ಪಣೆಯೂ ಬೇಡ. ಪರೀಕ್ಷೆಗೆ ಓದುತ್ತಿರುವವರು ಅಲ್ಲಿಯವರೆಗಿನ ಹಂತಗಳನ್ನು ಇವತ್ತೇ ಮಾಡಿ ಮುಗಿಸಬಹುದು.

ಕಂಪೈಲ್ ಯಾಕೆ, ಸಿದ್ಧ ಪ್ಯಾಕೇಜ್ ಇದೆಯಲ್ಲ?

ಇದೆ. ಡೆಬಿಯನ್ ಭಂಡಾರದಲ್ಲಿ ಡೈರ್‌ವುಲ್ಫ್ ಸಿದ್ಧವಾಗಿ ಸಿಗುತ್ತದೆ. ಆದರೆ ಅಲ್ಲಿರುವ ಆವೃತ್ತಿ ಹಿಂದುಳಿದಿರುತ್ತದೆ, ಈ ತಂತ್ರಾಂಶದಲ್ಲಿ ಪ್ರತಿ ಆವೃತ್ತಿಯೂ ತಂದದ್ದು ಬಹಳ. 1.6ರಲ್ಲಿ ಎಫ್‌ಎಕ್ಸ್.25 ಬಂತು: ಹಾದಿಯಲ್ಲಿ ಕೆಲವು ಬೈಟ್ ಕೆಟ್ಟರೂ ಪ್ಯಾಕೆಟ್ಟನ್ನು ಸರಿಮಾಡಿಕೊಳ್ಳುವ ಶಕ್ತಿ, ಹಳೆಯ ಟಿಎನ್‌ಸಿಗಳಿಗೂ ಅರ್ಥವಾಗುವಂತೆ. 1.7ರಲ್ಲಿ ತಪ್ಪು ತಿದ್ದಿಕೊಳ್ಳುವ ಇನ್ನೊಂದು ರೀತಿ, ಐಎಲ್2ಪಿ, ಬಂತು. ಇನ್ನೊಂದು ಕಾರಣ, ಜಿಪಿಎಸ್ ಬೇಕೋ, ರೇಡಿಯೊಗೆ ಆಜ್ಞೆ ಕೊಡುವ ಹ್ಯಾಮ್‌ಲಿಬ್ ಬೇಕೋ ಎಂದು ನಿರ್ಧರಿಸಿ ಕಟ್ಟಿಕೊಳ್ಳುವ ಸ್ವಾತಂತ್ರ್ಯ. ಮೂರನೆಯ ಕಾರಣ ನನ್ನ ಮಟ್ಟಿಗೆ ಮುಖ್ಯ: ಹ್ಯಾಮ್ ಆದವನು ತನ್ನ ಮೋಡೆಮ್ ಯಾವುದರಿಂದ ಆಗಿದೆ ಎಂದು ತೆರೆದು ನೋಡಬಲ್ಲವನಾಗಿರಬೇಕು.

ಸಿದ್ಧ ಪ್ಯಾಕೇಜನ್ನು ಮೊದಲೇ ಹಾಕಿದ್ದರೆ ತೆಗೆದುಹಾಕಿ. ಅದು ಕೂರುವುದು ಯುಎಸ್‌ಆರ್ ಒಳಗಿನ ಬಿನ್ ಫೋಲ್ಡರಿನಲ್ಲಿ, ನೀವು ಕಟ್ಟುವುದು ಹೋಗಿ ಕೂರುವುದು ಯುಎಸ್‌ಆರ್ ಒಳಗಿನ ಲೋಕಲ್, ಅದರೊಳಗಿನ ಬಿನ್‌ನಲ್ಲಿ. ಎರಡೂ ಇದ್ದರೆ ಯಾವುದು ಓಡುತ್ತಿದೆ ಎಂದು ತಿಳಿಯದೆ ಒದ್ದಾಡಬೇಕಾಗುತ್ತದೆ.

ಸುಡೊ ಆಪ್ಟ್ ರಿಮೂವ್ ಡೈರ್‌ವುಲ್ಫ್

ಆಪ್ಟ್ ಎಂದರೆ ಎ, ಪಿ, ಟಿ. ಡೈರ್‌ವುಲ್ಫ್ ಒಂದೇ ಪದ, ನಡುವೆ ಜಾಗ ಇಲ್ಲ: ಡಿ ಐ ಆರ್ ಇ, ಡಬ್ಲ್ಯು ಒ ಎಲ್ ಎಫ್.

ಮೊದಲ ಹಂತ: ಕಟ್ಟುವ ಸಲಕರಣೆ

ಸುಡೊ ಆಪ್ಟ್ ಅಪ್‌ಡೇಟ್

ಸುಡೊ ಆಪ್ಟ್ ಇನ್‌ಸ್ಟಾಲ್ ಗಿಟ್ ಜಿಸಿಸಿ ಜಿ++ ಮೇಕ್ ಸಿಮೇಕ್ ಲಿಬ್‌ಎಸೌಂಡ್2-ಡೆವ್ ಲಿಬ್‌ಯುಡೆವ್-ಡೆವ್ ಲಿಬ್‌ಅವಾಹಿ-ಕ್ಲೈಂಟ್-ಡೆವ್

ಇದರಲ್ಲಿ ನಿಜವಾಗಿ ಕಣ್ಣಿಡಬೇಕಾದದ್ದು ಲಿಬ್‌ಎಸೌಂಡ್2-ಡೆವ್. ಲಿಬ್ ಆದಮೇಲೆ ಎ, ಅದಕ್ಕಂಟಿಕೊಂಡು ಸೌಂಡ್, ಆಮೇಲೆ 2. ಲಿನಕ್ಸ್‌ನ ಆಲ್ಸಾ ಧ್ವನಿ ವ್ಯವಸ್ಥೆಯ ಜೊತೆ ಮಾತಾಡಲು ಬೇಕಾದ ಹೆಡರ್ ಫೈಲ್‌ಗಳು ಇದರಲ್ಲಿವೆ, ಇದಿಲ್ಲದೆ ಕಂಪೈಲ್ ಮುಂದೆ ಹೋಗುವುದೇ ಇಲ್ಲ. ಲಿಬ್‌ಯುಡೆವ್ ಇರುವುದು ಸಿಎಂ108 ಚಿಪ್‌ನ ಪಿಟಿಟಿಗಾಗಿ. ಅವಾಹಿ, ಮನೆಯ ನೆಟ್‌ವರ್ಕಿನಲ್ಲಿ ಬೇರೆ ಸಾಧನಗಳು ನಿಮ್ಮ ಮೋಡೆಮನ್ನು ತಾವೇ ಹುಡುಕಿಕೊಳ್ಳಲಿ ಎಂದು.

ಕಾರಿನಲ್ಲಿ ಇಡುವವರಾಗಿದ್ದರೆ ಲಿಬ್‌ಜಿಪಿಎಸ್-ಡೆವ್ ಸೇರಿಸಿ. ಕ್ಯಾಟ್ ಕೇಬಲ್ (ಕಂಪ್ಯೂಟರಿನಿಂದ ರೇಡಿಯೊ ನಿಯಂತ್ರಿಸುವ ತಂತಿ) ಮೂಲಕ ಎಚ್‌ಎಫ್ ರೇಡಿಯೊಗೆ ಪಿಟಿಟಿ ಕೊಡುವವರು ಲಿಬ್‌ಹ್ಯಾಮ್‌ಲಿಬ್-ಡೆವ್ ಸೇರಿಸಿ. ಗೊತ್ತಿಲ್ಲದಿದ್ದರೆ ಎರಡೂ ಬೇಡ, ಆಮೇಲೆ ಬೇಕೆನಿಸಿದರೆ ಮತ್ತೆ ಕಟ್ಟಲು ಕೆಲವೇ ನಿಮಿಷ.

ಎರಡನೆಯ ಹಂತ: ಸೋರ್ಸ್ ತರಿಸುವುದು, ಕಟ್ಟುವುದು

ಸಿಡಿ ~

ಗಿಟ್ ಕ್ಲೋನ್ ಎಚ್‌ಟಿಟಿಪಿಎಸ್://ಗಿಟ್‌ಹಬ್.ಕಾಮ್/ಡಬ್ಲ್ಯುಬಿ2ಒಎಸ್‌ಝಡ್/ಡೈರ್‌ವುಲ್ಫ್

ಸಿಡಿ ಡೈರ್‌ವುಲ್ಫ್

ಗಿಟ್ ಟ್ಯಾಗ್

ಕೊನೆಯ ಆಜ್ಞೆ ಬಿಡುಗಡೆಯಾದ ಆವೃತ್ತಿಗಳ ಪಟ್ಟಿ ತೋರಿಸುತ್ತದೆ. ಅದರಲ್ಲಿ ಅತಿ ಹೊಸದನ್ನು ಆರಿಸಿ ಗಿಟ್ ಚೆಕ್‌ಔಟ್ ಎಂದು ಬರೆದು ಮುಂದೆ ಆ ಸಂಖ್ಯೆ ಕೊಡಿ, 1.7 ಎಂಬಂತೆ. ಡೆವ್ ಎಂಬ ಶಾಖೆಯೂ ಇರುತ್ತದೆ, ಅದು ಇನ್ನೂ ಕೆಲಸ ನಡೆಯುತ್ತಿರುವ ಪ್ರತಿ. ಮೊದಲ ಸಲಕ್ಕೆ ಬಿಡುಗಡೆಯಾದದ್ದೇ ಒಳ್ಳೆಯದು, ಅಲುಗದ ನೆಲದ ಮೇಲೆ ನಿಂತು ಕಲಿಯಬೇಕು.

ಎಂಕೆಡಿರ್ ಬಿಲ್ಡ್

ಸಿಡಿ ಬಿಲ್ಡ್

ಸಿಮೇಕ್ -ಡಿಯುನಿಟ್‌ಟೆಸ್ಟ್=1 ..

ಸಿಮೇಕ್ ಎಂದರೆ ಸಿ ಅಕ್ಷರ, ಅಂಟಿಕೊಂಡು ಮೇಕ್. ಡಿ ಮತ್ತು ಯುನಿಟ್‌ಟೆಸ್ಟ್ ಒಂದೇ ಪದವಾಗಿ ದೊಡ್ಡಕ್ಷರದಲ್ಲಿ. ಕೊನೆಯ ಎರಡು ಚುಕ್ಕಿ ಬಿಡಬೇಡಿ, ಸೋರ್ಸ್ ಒಂದು ಮೆಟ್ಟಿಲು ಮೇಲಿದೆ ಎಂದು ಅವು ಹೇಳುತ್ತವೆ. ಆಜ್ಞೆ ಓಡಿದಾಗ ಪರದೆ ತುಂಬ ಸಾಲುಗಳು ಬರುತ್ತವೆ. ಅವನ್ನು ಓದಿ. ಆಲ್ಸಾ ಸಿಕ್ಕಿತು, ಯುಡೆವ್ ಸಿಕ್ಕಿತು, ಹ್ಯಾಮ್‌ಲಿಬ್ ಸಿಗಲಿಲ್ಲ ಎಂದು ಒಂದೊಂದಾಗಿ ವರದಿ ಒಪ್ಪಿಸಿರುತ್ತದೆ. ಮೂರು ತಿಂಗಳ ನಂತರ ಪಿಟಿಟಿ ಯಾಕೆ ಕೆಲಸ ಮಾಡುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುವವರ ಉತ್ತರ ಎಷ್ಟೋ ಸಲ ಈ ಸಾಲುಗಳಲ್ಲೇ ಇರುತ್ತದೆ. ಬೇಕಾದದ್ದು ಸಿಗದಿದ್ದರೆ ಆ ಲೈಬ್ರರಿ ಹಾಕಿ, ಬಿಲ್ಡ್ ಫೋಲ್ಡರನ್ನು ಅಳಿಸಿ, ಹೊಸದಾಗಿ ಶುರುಮಾಡಿ. ಸಿಮೇಕ್ ಹಿಂದಿನ ಹುಡುಕಾಟದ ಫಲವನ್ನು ನೆನಪಿಟ್ಟುಕೊಳ್ಳುತ್ತದೆ, ಅಳಿಸದಿದ್ದರೆ ಹಳೆಯ ಉತ್ತರವನ್ನೇ ಕೊಡಬಹುದು.

ಮೇಕ್ -ಜೆ4

ಜೆ4 ಎಂದರೆ ನಾಲ್ಕು ಕೆಲಸ ಒಟ್ಟಿಗೆ. ಪೈ 3, 4, 5ರಲ್ಲಿ ನಾಲ್ಕು ಕೋರ್ ಇರುವುದರಿಂದ ಸರಿ. ಮೊದಲ ತಲೆಮಾರಿನ ಪೈ ಜೀರೊ ಆದರೆ ಬರೀ ಮೇಕ್ ಎಂದು ಹೊಡೆದು ಕಾಫಿಗೆ ಎದ್ದುಹೋಗಿ. ಮಧ್ಯೆ ಒಂದಷ್ಟು ವಾರ್ನಿಂಗ್‌ಗಳು ಹಾದುಹೋದರೆ ಹೆದರಬೇಡಿ. ಎರರ್ ಎಂಬ ಪದ ಬಂದು ನಿಂತರೆ ಮಾತ್ರ ಮೇಲಕ್ಕೆ ಸರಿಸಿ ಮೊಟ್ಟಮೊದಲ ಎರರ್ ಓದಿ. ಕೆಳಗಿನವೆಲ್ಲ ಅದರ ಮಕ್ಕಳು.

ಸುಡೊ ಮೇಕ್ ಇನ್‌ಸ್ಟಾಲ್

ಮೇಕ್ ಇನ್‌ಸ್ಟಾಲ್-ಕಾನ್ಫ್

ಎರಡನೆಯದಕ್ಕೆ ಸುಡೊ ಇಲ್ಲ, ಬೇಕೆಂದೇ ಬಿಟ್ಟದ್ದು. ಅದು ಮಾದರಿ ಸಂರಚನಾ ಫೈಲ್‌ಗಳನ್ನು ನಿಮ್ಮ ಹೋಮ್ ಫೋಲ್ಡರಿಗೆ ನಕಲು ಮಾಡುತ್ತದೆ. ಇದನ್ನು ಮಾಡುವುದು ಮೊದಲ ಸಲ ಮಾತ್ರ. ಮುಂದೆ ಆವೃತ್ತಿ ಬದಲಿಸುವಾಗ ಮರೆತು ಮತ್ತೆ ಹೊಡೆದರೆ ನೀವು ತಿದ್ದಿ ತೀಡಿದ ಫೈಲ್ ಮೇಲೆ ಮಾದರಿ ಬಂದು ಕೂರುವ ಅಪಾಯವಿದೆ.

ಮೂರನೆಯ ಹಂತ: ರೇಡಿಯೊ ಇಲ್ಲದೆ ಪರೀಕ್ಷೆ

ಈ ಹಂತವನ್ನು ಬಹಳ ಮಂದಿ ಹಾರಿಸಿಬಿಡುತ್ತಾರೆ. ನನಗೆ ಇದೇ ಅತಿ ಪ್ರಿಯ. ಬಿಲ್ಡ್ ಫೋಲ್ಡರಿನಲ್ಲೇ ನಿಂತು ಮೇಕ್ ಟೆಸ್ಟ್ ಎಂದು ಹೊಡೆಯಿರಿ. ತಂತ್ರಾಂಶದ ಒಳಗಿನ ಬಿಡಿಭಾಗಗಳು ಸರದಿಯಲ್ಲಿ ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳುತ್ತವೆ. ಎಲ್ಲವೂ ಪಾಸಾದ ಮೇಲೆ ನಾವೇ ಒಂದು ಪರೀಕ್ಷೆ ಮಾಡೋಣ:

ಜೆನ್_ಪ್ಯಾಕೆಟ್ಸ್ -ಎನ್ 100 -ಒ ಟೆಸ್ಟ್.ವಾವ್

ಎಟೆಸ್ಟ್ ಟೆಸ್ಟ್.ವಾವ್

ಜೆನ್ ಮತ್ತು ಪ್ಯಾಕೆಟ್ಸ್ ನಡುವೆ ಇರುವುದು ಕೆಳಗೆರೆ. ಎಟೆಸ್ಟ್ ಎಂದರೆ ಎ ಅಕ್ಷರ, ಅಂಟಿಕೊಂಡು ಟೆಸ್ಟ್. ಮೊದಲನೆಯ ಆಜ್ಞೆ 100 ಪ್ಯಾಕೆಟ್‌ಗಳಿರುವ ಧ್ವನಿ ಫೈಲ್ ಒಂದನ್ನು ಹುಟ್ಟಿಸುತ್ತದೆ, ಒಂದರಿಂದ ಇನ್ನೊಂದಕ್ಕೆ ಗದ್ದಲವನ್ನು ಹೆಚ್ಚಿಸುತ್ತಾ. ಎರಡನೆಯದು ಅದನ್ನೇ ಬಿಡಿಸಿ ಎಷ್ಟು ಸಿಕ್ಕಿತು ಎಂದು ಹೇಳುತ್ತದೆ. 100ಕ್ಕೆ 100 ಬರುವುದಿಲ್ಲ, ಬರಬಾರದು ಕೂಡ. ಕೊನೆಕೊನೆಯ ಪ್ಯಾಕೆಟ್‌ಗಳು ಗದ್ದಲದಲ್ಲಿ ಪೂರ್ತಿ ಮುಳುಗಿರುತ್ತವೆ. 60ಕ್ಕಿಂತ ಮೇಲೆ ಬಂದರೆ ನಿಮ್ಮ ಮೋಡೆಮ್ ಆರೋಗ್ಯವಾಗಿದೆ.

ಆ ವಾವ್ ಫೈಲನ್ನು ಸ್ಪೀಕರಿನಲ್ಲಿ ಹಾಕಿ ಒಮ್ಮೆ ಕೇಳಿ. ಶುರುವಿನಲ್ಲಿ ಸ್ಫಟಿಕದಂತೆ ಸ್ವಚ್ಛ, ಕೊನೆಗೆ ಬರೀ ಮಳೆಯ ಶಬ್ದ. ನಡುವೆ ಎಲ್ಲೋ ನಮ್ಮ ಕಿವಿ ಸೋತಿರುತ್ತದೆ, ಗಣಿತ ಇನ್ನೂ ಸೋತಿರುವುದಿಲ್ಲ. ಇನ್ನು ಮುಂದೆ ಏನೇ ಕೆಟ್ಟರೂ ಕಂಪೈಲ್ ಮೇಲೆ ಅನುಮಾನ ಪಡಬೇಕಾಗಿಲ್ಲ.

ನಾಲ್ಕನೆಯ ಹಂತ: ಸೌಂಡ್ ಕಾರ್ಡ್ ಗುರುತಿಸುವುದು

ಯುಎಸ್‌ಬಿ ಸೌಂಡ್ ಕಾರ್ಡ್ ಚುಚ್ಚಿ ಎರೆಕಾರ್ಡ್ -ಎಲ್ ಎಂದು ಕೇಳಿ. ಎ ಅಕ್ಷರ, ಅಂಟಿಕೊಂಡು ರೆಕಾರ್ಡ್. ಕಾರ್ಡ್ 1, ಡಿವೈಸ್ 0 ಎಂಬಂತೆ ಉತ್ತರ ಬರುತ್ತದೆ. ಅದನ್ನು ನೆನಪಿಡಿ. ನಿಮ್ಮ ಬಳಕೆದಾರ ಹೆಸರು ಆಡಿಯೊ ಮತ್ತು ಡಯಲ್‌ಔಟ್ ಗುಂಪುಗಳಲ್ಲಿ ಇರಬೇಕು:

ಸುಡೊ ಯೂಸರ್‌ಮಾಡ್ -ಎ -ಜಿ ಆಡಿಯೊ,ಡಯಲ್‌ಔಟ್ ಎಂದು ಬರೆದು ಕೊನೆಗೆ ನಿಮ್ಮ ಲಾಗಿನ್ ಹೆಸರು. ಇಲ್ಲಿ ಜಿ ದೊಡ್ಡಕ್ಷರ. ಆಮೇಲೆ ಒಮ್ಮೆ ಲಾಗ್‌ಔಟ್ ಆಗಿ ಬನ್ನಿ.

ಈಗ ಹೋಮ್ ಫೋಲ್ಡರಿನಲ್ಲಿರುವ ಡೈರ್‌ವುಲ್ಫ್.ಕಾನ್ಫ್ ತೆರೆಯಿರಿ. ಉದ್ದ ಕಂಡು ಗಾಬರಿ ಬೇಡ, ಹೆಚ್ಚಿನದೆಲ್ಲ ಹ್ಯಾಶ್ ಚಿಹ್ನೆಯಿಂದ ಶುರುವಾಗುವ ವಿವರಣೆ. ಅದನ್ನು ಒಮ್ಮೆ ನಿಧಾನವಾಗಿ ಓದಿದರೆ ಪ್ಯಾಕೆಟ್ ರೇಡಿಯೊದ ಅರ್ಧ ಪಾಠ ಆದಂತೆ. ಮೊದಲಿಗೆ ಮೂರೇ ಸಾಲು ಬೇಕು, ಮೊದಲ ಪದ ದೊಡ್ಡಕ್ಷರದಲ್ಲಿ:

ಎಡಿವೈಸ್ ಪ್ಲಗ್‌ಎಚ್‌ಡಬ್ಲ್ಯು:1,0

ಮೈಕಾಲ್, ಮುಂದೆ ನಿಮ್ಮ ಕಾಲ್‌ಸೈನ್

ಮೋಡೆಮ್ 1200

ಇಲ್ಲೊಂದು ಮುಳ್ಳು ಇದೆ. ಕಾರ್ಡ್ ಸಂಖ್ಯೆ ಶಾಶ್ವತವಲ್ಲ. ಎಚ್‌ಡಿಎಂಐ ಕೇಬಲ್ ಹಾಕಿದಿರಿ, ಇನ್ನೊಂದು ಯುಎಸ್‌ಬಿ ಚುಚ್ಚಿದಿರಿ ಎಂದರೆ 1 ಇದ್ದದ್ದು 2 ಆಗಬಹುದು. ಎರೆಕಾರ್ಡ್‌ಗೆ ದೊಡ್ಡಕ್ಷರದ ಎಲ್ ಕೊಟ್ಟರೆ ಹೆಸರುಗಳ ಪಟ್ಟಿ ಬರುತ್ತದೆ, ಪ್ಲಗ್‌ಎಚ್‌ಡಬ್ಲ್ಯು:ಕಾರ್ಡ್=ಡಿವೈಸ್,ಡೆವ್=0 ಎಂಬಂತೆ. ಆ ಹೆಸರನ್ನೇ ಫೈಲಿನಲ್ಲಿ ಬರೆದರೆ ಈ ಕಾಟ ತಪ್ಪುತ್ತದೆ.

ಈಗ ಬರೀ ಡೈರ್‌ವುಲ್ಫ್ ಎಂದು ಹೊಡೆಯಿರಿ. ಯಾವ ಸಂರಚನಾ ಫೈಲ್ ಓದಿದೆ, ಯಾವ ಧ್ವನಿ ಸಾಧನ ಹಿಡಿದಿದೆ, ಚಾನೆಲ್ 0ರಲ್ಲಿ 1200 ಬಾಡ್, ಎರಡು ಸ್ವರ ಯಾವುವು, ಇವೆಲ್ಲ ಪರದೆಗೆ ಬರುತ್ತವೆ. ಜೊತೆಗೆ ಬೇರೆ ತಂತ್ರಾಂಶಗಳು ಒಳಬರಲು ಎರಡು ಬಾಗಿಲು ತೆರೆದಿರುವುದಾಗಿ ಹೇಳುತ್ತದೆ: 8000ನೇ ಪೋರ್ಟಿನಲ್ಲಿ ಎಜಿಡಬ್ಲ್ಯು, 8001ರಲ್ಲಿ ಕಿಸ್. ಈ ಸಾಲುಗಳು ಕಂಡರೆ ನಾಲ್ಕನೆಯ ಹಂತವೂ ಪಾಸು. ಸಾಧನ ಬ್ಯುಸಿ ಎಂದು ತಕರಾರು ಬಂದರೆ ಡೆಸ್ಕ್‌ಟಾಪಿನ ಪಲ್ಸ್‌ಆಡಿಯೊ ಅಥವಾ ಪೈಪ್‌ವೈರ್ ಆ ಕಾರ್ಡನ್ನು ಹಿಡಿದುಕೊಂಡಿದೆ ಎಂದರ್ಥ. ಧ್ವನಿ ಸೆಟ್ಟಿಂಗ್‌ನಲ್ಲಿ ಆ ಕಾರ್ಡಿನ ಪ್ರೊಫೈಲನ್ನು ಆಫ್ ಮಾಡಿ.

ಐದನೆಯ ಹಂತ: ಕೇಳುವುದು

ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡುವ ಜಾಗ ಇದು. ರೇಡಿಯೊದ ಸ್ಪೀಕರ್ ತೂತಿನಿಂದ ಸೌಂಡ್ ಕಾರ್ಡಿನ ಮೈಕ್‌ಗೆ ಕೇಬಲ್ ಹಾಕಿ. ಸ್ಕ್ವೆಲ್ಚ್ ಪೂರ್ತಿ ತೆರೆಯಿರಿ, ಹಗಲಿಡೀ ಸುಂಯ್ ಎನ್ನುತ್ತಿರಲಿ. ಸ್ಕ್ವೆಲ್ಚ್ ಮುಚ್ಚಿದ್ದರೆ ಅದು ತೆರೆದುಕೊಳ್ಳುವಷ್ಟರಲ್ಲಿ ಪ್ಯಾಕೆಟ್ಟಿನ ತಲೆ ಕತ್ತರಿಸಿಹೋಗಿರುತ್ತದೆ. ಆರಂಭ ಕಳೆದುಕೊಂಡ ಚೌಕಟ್ಟಿನಿಂದ ಮೋಡೆಮ್ ಏನನ್ನೂ ಕಟ್ಟಲಾರದು, ಕೊನೆಯ ಲೆಕ್ಕ ತಾಳೆಯಾಗದೆ ಇಡೀ ಪ್ಯಾಕೆಟ್ ಕಸಕ್ಕೆ. ದುರ್ಬಲ ಸಂಕೇತಕ್ಕಂತೂ ಸ್ಕ್ವೆಲ್ಚ್ ತೆರೆಯುವುದೇ ಇಲ್ಲ, ಆದರೆ ಡೈರ್‌ವುಲ್ಫ್ ಅದನ್ನು ಬಿಡಿಸಬಲ್ಲದು. ಕೈಯಲ್ಲಿ ಹಿಡಿಯುವ ಹ್ಯಾಂಡಿ ರೇಡಿಯೊಗಳಲ್ಲಿ ಬ್ಯಾಟರಿ ಉಳಿಸುವ ಸೌಲಭ್ಯ ಇದ್ದರೆ ಅದನ್ನೂ ಆಫ್ ಮಾಡಿ, ಅದೂ ಹೀಗೆಯೇ ಮೊದಲ ಕ್ಷಣಗಳನ್ನು ನುಂಗುತ್ತದೆ.

ಆಲ್ಸಾಮಿಕ್ಸರ್ ತೆರೆದು ಎಫ್6 ಒತ್ತಿ ಯುಎಸ್‌ಬಿ ಕಾರ್ಡ್ ಆರಿಸಿ, ಎಫ್4ರಿಂದ ಒಳಬರುವ ಧ್ವನಿಯ ಪುಟಕ್ಕೆ ಹೋಗಿ. ಅಲ್ಲಿ ಆಟೊ ಗೇನ್ ಕಂಟ್ರೋಲ್ ಕಂಡರೆ ಎಮ್ ಒತ್ತಿ ಮುಚ್ಚಿ. ಮೌನದಲ್ಲಿ ಗೇನ್ ಏರಿಸಿ, ಪ್ಯಾಕೆಟ್ ಬಂದೊಡನೆ ತಡಬಡಿಸಿ ಇಳಿಸುವ ಈ ಸೌಲಭ್ಯ ಮಾತಿಗೆ ಸರಿ, ಮೋಡೆಮ್‌ಗೆ ಶತ್ರು.

ಪ್ಯಾಕೆಟ್ ಬಿಡಿಸಿದಾಗಲೆಲ್ಲ ಡೈರ್‌ವುಲ್ಫ್ ಧ್ವನಿಮಟ್ಟವನ್ನು ಒಂದು ಸಂಖ್ಯೆಯಾಗಿ ತೋರಿಸುತ್ತದೆ. ಅದು 50ರ ಆಸುಪಾಸಿನಲ್ಲಿರಬೇಕು. ಹೆಚ್ಚಾದರೆ ಇಳಿಸಿ ಎಂದು ಅದೇ ಎಚ್ಚರಿಸುತ್ತದೆ. ಮಿಕ್ಸರ್ ಪೂರ್ತಿ ಇಳಿಸಿದರೂ ಹೆಚ್ಚೇ ಇದ್ದರೆ ರೇಡಿಯೊದ ವಾಲ್ಯೂಮ್ ತಗ್ಗಿಸಿ. ಅದೂ ಸಾಲದಿದ್ದರೆ ಕೇಬಲ್ಲಿನಲ್ಲಿ ಎರಡು ರೆಸಿಸ್ಟರಿನ ಒಂದು ತಗ್ಗುಪೆಟ್ಟಿಗೆ ಹಾಕಿ, ಏಕೆಂದರೆ ಮೈಕ್ ತೂತು ಕಾಯುತ್ತಿರುವುದು ಮಿಲಿವೋಲ್ಟ್‌ಗಳಿಗೆ, ಸ್ಪೀಕರ್ ತೂತು ಕೊಡುವುದು ಅದರ ಎಷ್ಟೋ ಪಟ್ಟು.

ಆ ಸಂಖ್ಯೆಯ ಪಕ್ಕದಲ್ಲೇ ಆವರಣದಲ್ಲಿ ಇನ್ನೆರಡು ಸಂಖ್ಯೆ ಇರುತ್ತವೆ, 18/11 ಎಂಬಂತೆ. ಕೆಳಸ್ವರದ ಬಲ, ಮೇಲ್ಸ್ವರದ ಬಲ. ಅವೆರಡೂ ಯಾಕೆ ಸಮ ಇಲ್ಲ? ಎಫ್‌ಎಂನಲ್ಲಿ ಕಳುಹಿಸುವ ರೇಡಿಯೊ ಮೇಲಿನ ಸ್ವರಗಳನ್ನು ಎತ್ತಿ ಕಳುಹಿಸುತ್ತದೆ, ಕೇಳುವ ರೇಡಿಯೊ ಅಷ್ಟೇ ಇಳಿಸಿ ಕೇಳಿಸುತ್ತದೆ. ಒಬ್ಬರು ಎತ್ತದೆ ಕಳುಹಿಸಿ ಇನ್ನೊಬ್ಬರು ಇಳಿಸಿ ಕೇಳಿದರೆ 2200 ಹರ್ಟ್ಸ್ ಸ್ವರ ಬಡವಾಗುತ್ತದೆ. ಹಳೆಯ ಪೆಟ್ಟಿಗೆಗಳು ಇಲ್ಲೇ ಎಡವುತ್ತಿದ್ದವು. ಡೈರ್‌ವುಲ್ಫ್ ಎರಡು ಸ್ವರಗಳ ಬಲದ ಬೇರೆಬೇರೆ ಅನುಪಾತಗಳನ್ನು ಊಹಿಸಿಕೊಂಡು ಒಂಬತ್ತು ದಾರಿಯಲ್ಲಿ ಒಟ್ಟಿಗೆ ಬಿಡಿಸಲು ನೋಡುತ್ತದೆ. ಸಾಲಿನ ಕೊನೆಯಲ್ಲಿ ಕಾಣುವ ಒಂಬತ್ತು ಗೀಟುಗಳು ಅದರ ಅಂಕಪಟ್ಟಿ. ನಿಂತ ಗೀಟು ಗೆದ್ದ ದಾರಿ, ಮಲಗಿದ ಗೀಟು ಸೋತದ್ದು. ಎಲ್ಲ ಕಡೆಯಿಂದ ಬರುವ ಪ್ಯಾಕೆಟ್‌ಗಳಲ್ಲೂ ಒಂದೇ ತುದಿಯ ಗೀಟುಗಳು ಮಲಗುತ್ತಿದ್ದರೆ ಓರೆ ಇರುವುದು ನಿಮ್ಮ ಕಡೆಯಲ್ಲಿ. ರೇಡಿಯೊದ ಹಿಂದೆ ಡೇಟಾ ತೂತು ಇದ್ದರೆ ಸ್ಪೀಕರ್ ಬಿಟ್ಟು ಅಲ್ಲಿಂದ ಧ್ವನಿ ತೆಗೆದು ನೋಡಿ.

ಆದರೆ ಕೇಳಲು ಏನಾದರೂ ಇರಬೇಕಲ್ಲ? ನಮ್ಮ ಎಷ್ಟೋ ಊರುಗಳ ಸುತ್ತ ಪ್ಯಾಕೆಟ್ ಕಳುಹಿಸುವ ಒಂದು ನಿಲ್ದಾಣವೂ ಇರುವುದಿಲ್ಲ. ಅದಕ್ಕೆ ಉತ್ತರ ಆಕಾಶದಲ್ಲಿದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿರುವ ಹ್ಯಾಮ್ ರೇಡಿಯೊ ಪ್ಯಾಕೆಟ್ ರೀತಿಯಲ್ಲಿದ್ದಾಗ 145.825 ಮೆಗಾಹರ್ಟ್ಸ್‌ನಲ್ಲಿ ನೆಲದ ಪ್ಯಾಕೆಟ್‌ಗಳನ್ನು ಕೇಳಿ ಮರುಪ್ರಸಾರ ಮಾಡುತ್ತದೆ. ಸುಮಾರು 400 ಕಿಲೋಮೀಟರ್ ಎತ್ತರ, ತಲೆಮೇಲೆ ಹಾದುಹೋಗಲು ಸುಮಾರು ಹತ್ತು ನಿಮಿಷ. ಅದು ಕೆಲವೊಮ್ಮೆ ಧ್ವನಿ ರಿಪೀಟರ್ ರೀತಿಯಲ್ಲೂ ಇರುವುದರಿಂದ ಆ ದಿನದ ಸ್ಥಿತಿಯನ್ನು ಮೊದಲೇ ನೋಡಿಕೊಳ್ಳಿ. ಡಾಪ್ಲರ್ ಪರಿಣಾಮ ಈ ತರಂಗಾಂತರದಲ್ಲಿ ಹೆಚ್ಚೆಂದರೆ 3.5 ಕಿಲೋಹರ್ಟ್ಸ್‌ನಷ್ಟು, ಸಾಮಾನ್ಯ ಎಫ್‌ಎಂ ರೇಡಿಯೊ ಅದನ್ನು ತಡೆದುಕೊಳ್ಳುತ್ತದೆ. ನಮಗೆ ಇನ್ನೊಬ್ಬ ನೆಂಟನೂ ಇದ್ದಾನೆ: 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಆಸ್ಟ್ರೋಸ್ಯಾಟ್ ಜೊತೆ ಹಾರಿದ ಇಂಡೊನೇಷ್ಯಾದ ಲಪಾನ್-ಎ2, ಹ್ಯಾಮ್‌ಗಳ ಬಾಯಲ್ಲಿ ಐಒ-86. ಅದರಲ್ಲಿ ಪ್ಯಾಕೆಟ್ ಮರುಪ್ರಸಾರದ ಉಪಕರಣವಿದೆ, ಕಕ್ಷೆ ಸಮಭಾಜಕಕ್ಕೆ ಬರೀ 6 ಡಿಗ್ರಿ ಓರೆ. ಯುರೋಪಿನವರಿಗೆ ಎಂದೂ ಕಾಣದ ಈ ಉಪಗ್ರಹ ನಮ್ಮ ದಕ್ಷಿಣ ದಿಗಂತದ ಮೇಲೆ ದಿನಕ್ಕೆ ಹಲವು ಬಾರಿ ಮೂಡುತ್ತದೆ.

ರೇಡಿಯೊ ಕೊಳ್ಳುವ ಮೊದಲು ಆರ್‌ಟಿಎಲ್-ಎಸ್‌ಡಿಆರ್ ಎಂಬ ಯುಎಸ್‌ಬಿ ರೇಡಿಯೊ ಡಾಂಗಲ್‌ನಿಂದಲೂ ಕೇಳಬಹುದು. ಆರ್‌ಟಿಎಲ್-ಎಸ್‌ಡಿಆರ್ ಪ್ಯಾಕೇಜ್ ಹಾಕಿ ಹೀಗೆ ಬರೆಯಿರಿ:

ಆರ್‌ಟಿಎಲ್_ಎಫ್‌ಎಂ -ಎಫ್ 145.825ಎಂ - | ಡೈರ್‌ವುಲ್ಫ್ -ಸಿ ಎಸ್‌ಡಿಆರ್.ಕಾನ್ಫ್ -ಆರ್ 24000 -ಡಿ 1 -

145.825ರ ಮುಂದಿನ ಎಂ ಮತ್ತು 1ರ ಮುಂಚಿನ ಡಿ ದೊಡ್ಡಕ್ಷರ. ಕೊನೆಯ ಒಂಟಿ ಅಡ್ಡಗೆರೆ ಮುಖ್ಯ, ಧ್ವನಿಯನ್ನು ಸೌಂಡ್ ಕಾರ್ಡಿನಿಂದಲ್ಲ, ಪೈಪಿನ ಆಚೆಯಿಂದ ತೆಗೆದುಕೋ ಎಂದು ಅದು ಹೇಳುತ್ತದೆ. 24000 ಎನ್ನುವುದು ಆಚೆ ಬದಿ ಕೊಡುವ ಧ್ವನಿಯ ವೇಗ. ಎರಡೂ ಕಡೆ ಇದು ಒಂದೇ ಆಗಿರದಿದ್ದರೆ ಒಂದು ಪ್ಯಾಕೆಟ್ಟೂ ಬಿಡಿಸದು.

ನನಗೆ ಮೊದಲು ಸಿಕ್ಕಿದ್ದು ಬಾಹ್ಯಾಕಾಶ ನಿಲ್ದಾಣದ ಪ್ಯಾಕೆಟ್ಟೇ. ಬೆಳಗಿನ ಜಾವ, ತಾರಸಿಯ ಮೇಲೆ ಕೈಯಲ್ಲಿ ಆಂಟೆನಾ, ಕೆಳಗೆ ಲ್ಯಾಪ್‌ಟಾಪ್. ಪರದೆಯ ಮೇಲೆ ಆರ್‌ಎಸ್0ಐಎಸ್‌ಎಸ್ ಎಂಬ ಕಾಲ್‌ಸೈನ್ ಹಸಿರು ಅಕ್ಷರದಲ್ಲಿ ಮೂಡಿದಾಗ ಮನೆಯವರನ್ನೆಲ್ಲ ಎಬ್ಬಿಸಿ ತೋರಿಸಿದೆ.

ಆರನೆಯ ಹಂತ: ಕಳುಹಿಸುವುದು

ಪಿಟಿಟಿಗೆ ಹಲವು ದಾರಿಗಳಿವೆ. ಯುಎಸ್‌ಬಿ ಸೀರಿಯಲ್ ಕೇಬಲ್ ಇದ್ದರೆ ಸಂರಚನೆಯಲ್ಲಿ ಹೀಗೆ:

ಪಿಟಿಟಿ /ಡೆವ್/ಟಿಟಿವೈಯುಎಸ್‌ಬಿ0 ಆರ್‌ಟಿಎಸ್

ಇಲ್ಲಿ ಸಾಧನದ ಹೆಸರಿನಲ್ಲಿ ಡೆವ್ ಮತ್ತು ಟಿಟಿವೈ ಸಣ್ಣಕ್ಷರ, ಯುಎಸ್‌ಬಿ ದೊಡ್ಡಕ್ಷರ. ಆರ್‌ಟಿಎಸ್ ಗೆರೆಯಿಂದ ಒಂದು ಸಣ್ಣ ಟ್ರಾನ್ಸಿಸ್ಟರ್ ಅಥವಾ ಆಪ್ಟೊಕಪ್ಲರ್ ಮೂಲಕ ರೇಡಿಯೊದ ಪಿಟಿಟಿಯನ್ನು ನೆಲಕ್ಕೆ ಎಳೆಯಿಸಿ. ನೇರವಾಗಿ ಜೋಡಿಸಬೇಡಿ. ಕೇಬಲ್ ಟಿಟಿಎಲ್ ಮಟ್ಟದ್ದಾದರೆ ಅರ್ಥ ತಲೆಕೆಳಗಾಗಿರುತ್ತದೆ, ಸುಮ್ಮನಿರಬೇಕಾದಾಗ ರೇಡಿಯೊ ಪ್ರಸಾರಕ್ಕೆ ಹೋಗಿ ಕೂರುತ್ತದೆ. ಆಗ ಆರ್‌ಟಿಎಸ್ ಮುಂಚೆ ಒಂದು ಅಡ್ಡಗೆರೆ ಸೇರಿಸಿ ತಿರುಗಿಸಬಹುದು. ಸಿಎಂ108 ಇಂಟರ್‌ಫೇಸ್ ಇದ್ದವರು ಪಿಟಿಟಿ ಸಿಎಂ108 ಎಂದಷ್ಟೇ ಬರೆದರೆ ಸಾಕು. ಸಾಧನ ಸರಿಯಾಗಿ ಕಾಣುತ್ತಿದೆಯೇ ಎಂದು ಸಿಎಂ108 ಎಂಬ ಹೆಸರಿನದೇ ಪುಟ್ಟ ಆಜ್ಞೆ ತೋರಿಸುತ್ತದೆ. ಪೈನ ಜಿಪಿಐಒ ಕಾಲುಗಳನ್ನೂ ಬಳಸಬಹುದು, ಆದರೆ ಹೊಸ ಕರ್ನೆಲ್‌ಗಳಲ್ಲಿ ಆ ಕಾಲುಗಳ ಎಣಿಕೆ ಬದಲಾಗಿ ಹಳೆಯ ಸೂಚನೆಗಳು ಹೊಂದುವುದಿಲ್ಲ. ಮೊದಲ ಸಲಕ್ಕೆ ಬೇಡ.

ಧ್ವನಿ ಬಂದೊಡನೆ ತಾನೇ ಪ್ರಸಾರ ಶುರುಮಾಡುವ ರೇಡಿಯೊದ ವಾಕ್ಸ್ ನಂಬಿಕೊಂಡು ಪಿಟಿಟಿ ತಂತಿಯನ್ನೇ ಬಿಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮಾತು ಮುಗಿದ ಮೇಲೂ ವಾಕ್ಸ್ ಸ್ವಲ್ಪ ಹೊತ್ತು ಪ್ರಸಾರವನ್ನು ಹಿಡಿದಿಡುತ್ತದೆ. ಅಷ್ಟರಲ್ಲಿ ಆಚೆಯವರು ಉತ್ತರ ಕೊಡಲು ಶುರುಮಾಡಿರುತ್ತಾರೆ, ಅವರ ಪ್ಯಾಕೆಟ್ ಮೇಲೆ ನಿಮ್ಮ ಖಾಲಿ ಕ್ಯಾರಿಯರ್ ಕೂತಿರುತ್ತದೆ. ಚಾನೆಲ್ ಎಲ್ಲರದ್ದು.

ಆಂಟೆನಾ ಬದಲು ಡಮ್ಮಿ ಲೋಡ್ (ಪ್ರಸಾರದ ಶಕ್ತಿಯನ್ನು ಹೊರಬಿಡದೆ ನುಂಗುವ ರೆಸಿಸ್ಟರ್) ಹಾಕಿ, ಅತಿ ಕಡಿಮೆ ಪವರ್‌ಗೆ ಇಳಿಸಿ, ಡೈರ್‌ವುಲ್ಫ್ -ಎಕ್ಸ್ ಎ ಎಂದು ಹೊಡೆಯಿರಿ. ಎಕ್ಸ್, ಎ ಎರಡೂ ಸಣ್ಣಕ್ಷರ. ಎರಡು ಸ್ವರಗಳೂ ಸರದಿಯಲ್ಲಿ ಪ್ರಸಾರವಾಗುತ್ತವೆ. ಪಕ್ಕದಲ್ಲಿ ಇನ್ನೊಂದು ರೇಡಿಯೊದಲ್ಲಿ ಕೇಳುತ್ತಾ ಮಿಕ್ಸರಿನ ಹೊರಹೋಗುವ ಧ್ವನಿಯನ್ನು ಸೊನ್ನೆಯಿಂದ ಮೆಲ್ಲಗೆ ಏರಿಸಿ. ಒಂದು ಹಂತದ ನಂತರ ಏರಿಸಿದರೂ ಗಟ್ಟಿಯಾಗುವುದು ನಿಲ್ಲುತ್ತದೆ, ರೇಡಿಯೊ ಅಲ್ಲಿಂದ ಮುಂದೆ ಅಲೆಯ ತಲೆ ಕತ್ತರಿಸುತ್ತಿದೆ. ಆ ಜಾಗದಿಂದ ಚೆನ್ನಾಗಿ ಹಿಂದೆ ಬನ್ನಿ, ಹೆಚ್ಚುಕಡಿಮೆ ಅರ್ಧಕ್ಕೆ. ಅಳೆಯುವ ಉಪಕರಣವಿದ್ದರೆ ಡೀವಿಯೇಷನ್ (ಧ್ವನಿಗೆ ತಕ್ಕಂತೆ ಪ್ರಸಾರದ ಆವರ್ತನ ಅಲುಗುವ ಅಳತೆ) 3 ಕಿಲೋಹರ್ಟ್ಸ್ ಸುತ್ತ ಇರಲಿ. ಗಟ್ಟಿಯಾಗಿ ಕೂಗಿದರೆ ದೂರ ಹೋಗುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಕರ್ಕಶವಾದ ಪ್ಯಾಕೆಟ್ಟನ್ನು ಹತ್ತಿರದವರೂ ಬಿಡಿಸಲಾರರು.

ಟಿಎಕ್ಸ್‌ಡಿಲೇ 30 ಎಂದರೆ 300 ಮಿಲಿಸೆಕೆಂಡ್, ರೇಡಿಯೊ ಪ್ರಸಾರಕ್ಕೆ ಏರಿ ನೆಲೆ ನಿಲ್ಲಲು ಕೊಡುವ ಸಮಯ. ಅದನ್ನು ಹಾಗೇ ಬಿಡಿ. ಎಲ್ಲ ಸರಿಹೋದ ಮೇಲೆ ಬೇಕಾದರೆ ಇಳಿಸುತ್ತಾ ನೋಡಬಹುದು. ಬೀಕನ್ ಹಾಕುವುದಾದರೆ ಅರ್ಧ ಗಂಟೆಗೊಮ್ಮೆ ಸಾಕು, ಒಂದೆಡೆ ನೆಲೆಸಿದ ಮನೆ ನಿಮಿಷಕ್ಕೊಮ್ಮೆ ತಾನೆಲ್ಲಿದ್ದೇನೆ ಎಂದು ಸಾರಬೇಕಾಗಿಲ್ಲ. ಬಾಹ್ಯಾಕಾಶ ನಿಲ್ದಾಣದ ಮೂಲಕ ಕಳುಹಿಸುವಾಗ ದಾರಿ ಎಆರ್‌ಐಎಸ್‌ಎಸ್ ಎಂದಿರಲಿ, ಆದರೆ ಯಂತ್ರಕ್ಕೆ ಬಿಟ್ಟು ಮಲಗಬೇಡಿ. ಇಡೀ ಭೂಖಂಡ ಹಂಚಿಕೊಳ್ಳುವ ಹತ್ತು ನಿಮಿಷ ಅದು, ಎದುರು ಕುಳಿತು ಎರಡೋ ಮೂರೋ ಪ್ಯಾಕೆಟ್ ಕಳುಹಿಸಿ.

ಮೋಡೆಮ್ ಆದಮೇಲೆ

ಡೈರ್‌ವುಲ್ಫ್ ಓಡುತ್ತಿರಲಿ, ಅದರ ಮೇಲೆ ಬೇರೆ ತಂತ್ರಾಂಶ ಕೂರಿಸಿ. ನಕ್ಷೆಯ ಮೇಲೆ ನಿಲ್ದಾಣಗಳನ್ನು ನೋಡಲು ಕ್ಸಾಸ್ಟರ್ ಅಥವಾ ಯಾಕ್, ಇಮೇಲಿಗೆ ಪ್ಯಾಟ್, ಹಳೆಯ ರೀತಿಯ ಬುಲೆಟಿನ್ ಬೋರ್ಡ್ ನಡೆಸಲು ಲಿನ್‌ಬಿಪಿಕ್ಯು. ಎಲ್ಲವೂ 8000 ಅಥವಾ 8001ರ ಬಾಗಿಲು ತಟ್ಟಿ ಒಳಬರುತ್ತವೆ. ಕಿಸ್ ಎಂಬ ಈ ಸರಳ ಒಪ್ಪಂದವನ್ನು ಮೈಕ್ ಚೆಪ್ಪೋನಿಸ್ ಮತ್ತು ಫಿಲ್ ಕಾರ್ನ್ ಎಂಬಿಬ್ಬರು ಹ್ಯಾಮ್‌ಗಳು 1987ರಲ್ಲಿ ಮುಂದಿಟ್ಟರು, ಇವತ್ತಿಗೂ ಅದೇ ನಡೆಯುತ್ತಿದೆ. ಯಾವ ತಂತ್ರಾಂಶ ಹಾಕಿದರೂ ಸಂದೇಶವನ್ನು ಗೂಢಲಿಪಿಯಲ್ಲಿ ಬಚ್ಚಿಡುವಂತಿಲ್ಲ, ಹ್ಯಾಮ್ ಬ್ಯಾಂಡಿನಲ್ಲಿ ಎಲ್ಲವೂ ಬಯಲು ಮಾತು.

ಪೈ ಆನ್ ಆದೊಡನೆ ಮೋಡೆಮ್ ತಾನೇ ಶುರುವಾಗಲಿ ಎಂದಿದ್ದರೆ ಹೋಮ್ ಫೋಲ್ಡರಿನಲ್ಲಿ ಬಂದು ಕೂತಿರುವ ಡಿಡಬ್ಲ್ಯು-ಸ್ಟಾರ್ಟ್.ಎಸ್‌ಎಚ್ ತೆರೆದು ನೋಡಿ, ಹೇಗೆ ಬಳಸಬೇಕೆಂದು ಅದರೊಳಗೇ ಬರೆದಿದೆ. ಲಾಗ್ ಫೈಲಿಗೆ ಬರೆಸುವಾಗ -ಟಿ 0 ಸೇರಿಸಿ, ಇಲ್ಲದಿದ್ದರೆ ಬಣ್ಣದ ಸಂಕೇತಗಳು ಸೇರಿ ಓದಲಾಗುವುದಿಲ್ಲ.

ಹೊಸ ಆವೃತ್ತಿ ಬಂದಾಗ ಮೊದಲು ಡೈರ್‌ವುಲ್ಫ್.ಕಾನ್ಫ್‌ನ ಒಂದು ನಕಲನ್ನು ಬೇರೆ ಹೆಸರಿನಲ್ಲಿ ಎತ್ತಿಡಿ. ಸೋರ್ಸ್ ಫೋಲ್ಡರಿಗೆ ಹೋಗಿ ಗಿಟ್ ಫೆಚ್ ಎಂದು ಹೊಡೆದು ಹೊಸ ಟ್ಯಾಗ್‌ಗಳನ್ನು ತರಿಸಿ, ಬೇಕಾದ ಸಂಖ್ಯೆಗೆ ಚೆಕ್‌ಔಟ್ ಮಾಡಿ, ಹಳೆಯ ಬಿಲ್ಡ್ ಫೋಲ್ಡರ್ ಅಳಿಸಿ, ಎರಡನೆಯ ಹಂತವನ್ನು ಸಿಮೇಕ್‌ನಿಂದ ಮತ್ತೆ ಮಾಡಿ, ಕೊನೆಯ ಇನ್‌ಸ್ಟಾಲ್-ಕಾನ್ಫ್ ಒಂದನ್ನು ಬಿಟ್ಟು. ಆಮೇಲೆ ಹಳೆಯ ಟೆಸ್ಟ್.ವಾವ್ ಮೇಲೆ ಎಟೆಸ್ಟ್ ಓಡಿಸಿ, ಹಿಂದಿನ ಸಲ ಎಷ್ಟು ಪ್ಯಾಕೆಟ್ ಬಂದಿತ್ತು ಎಂಬುದರ ಪಕ್ಕದಲ್ಲಿ ಈ ಸಲದ್ದನ್ನು ಬರೆದಿಟ್ಟುಕೊಳ್ಳಿ. ಆ ಫೈಲನ್ನು ಅಳಿಸಬೇಡಿ.